ಆರಿಸಿ ಕೊಟ್ಟ ಶೇಂಗಾ

ಎರಡು ಗಟ್ಟಿ ವಸ್ತುಗಳು ಒಂದರೊಳಗೊಂದು ತೂರಿ ಹೋಗುವುದಿಲ್ಲ ಎಂಬುದು ಅಂಬೆಗಾಲಿಡುವ ಕೂಸಿಗೂ ಗೊತ್ತು. ಹಣೆ ಒಂದು ಸಲ ಹೊಸ್ತಿಲಿಗೆ ಬಡಿದರೆ ಸಾಕು, ಪಾಠ ಮುಗಿಯಿತು. ಚಿತ್ರದುರ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಲಿಸುವ ಸಿಮ್ಯುಲೇಶನ್ ಸಾಫ್ಟ್‌ವೇರಿಗೆ ಮಾತ್ರ ಅದು ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಒಂದು ಹಲಗೆ ಬರೆದು, ಮೇಲೊಂದು ಕಬ್ಬಿಣದ ಗುಂಡು ಬರೆದು, ಗುಂಡನ್ನು ಕೆಳಕ್ಕೆ ಬಿಟ್ಟರೆ ಅದು ಹಲಗೆಯ ಗೊಡವೆಗೇ ಹೋಗದೆ ನೆಟ್ಟಗೆ ದಾಟಿಹೋಗುತ್ತದೆ. ಇವೆರಡೂ ತಾಗುತ್ತವೆ, ತಾಗಿದರೆ ಒಂದನ್ನೊಂದು ತಳ್ಳುತ್ತವೆ, ಜಾರಿದರೆ ಉಜ್ಜುತ್ತವೆ ಎಂದು ಪ್ರತಿಯೊಂದನ್ನೂ ನಾವೇ ಕೂತು ಹೇಳಿಕೊಡಬೇಕು. ಇದಕ್ಕೆ ನಮ್ಮವರು ಕಾಂಟ್ಯಾಕ್ಟ್ ಕೊಡುವುದು ಎನ್ನುತ್ತಾರೆ.

ಈ ಪಾಠ ಮಾಡುವಾಗ ನಾನು ಯಾವಾಗಲೂ ಹೊಸದುರ್ಗದ ಬಸ್ಸಿನ ಉದಾಹರಣೆ ಕೊಡುತ್ತೇನೆ. ಆ ಬಸ್ಸಿನ ಕಂಡಕ್ಟರಿಗೂ ಯಾರೂ ಕಾಂಟ್ಯಾಕ್ಟ್ ಹೇಳಿಕೊಟ್ಟಿಲ್ಲ. ಮೂವರ ಸೀಟಿನಲ್ಲಿ ಆಗಲೇ ನಾಲ್ವರು ಕೂತಿದ್ದರೂ “ಒಳಗೆ ಸರೀರಿ, ಜಾಗ ಐತೆ” ಎಂದು ಐದನೆಯವರನ್ನು ಕಳಿಸುತ್ತಾನೆ. ಹೊಳಲ್ಕೆರೆ ದಾಟುವಷ್ಟರಲ್ಲಿ ಯಾರ ಮೊಣಕೈ ಎಲ್ಲಿ ಮುಗಿಯಿತು, ಯಾರ ಪಕ್ಕೆ ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗುವುದಿಲ್ಲ. ವಿದ್ಯಾರ್ಥಿಗಳು ಹೋ ಎಂದು ನಗುತ್ತಾರೆ. ನಗುವವರಲ್ಲಿ ಅರ್ಧ ಜನ ಅದೇ ಬಸ್ಸಿನಲ್ಲಿ ಬಂದವರು.

ಇಷ್ಟೆಲ್ಲ ಜಾಣತನ ತರಗತಿಯ ನಾಲ್ಕು ಗೋಡೆಯೊಳಗೆ ಚೆನ್ನಾಗಿಯೇ ನಡೆಯುತ್ತಿತ್ತು. ನನ್ನ ಬಾಯಿ ಅದನ್ನು ಊರಿಗೆ ಒಯ್ದಿತು.

ನನ್ನ ತವರು ಹಿರೇಗುಂಟನೂರು. ಅಲ್ಲಿ ಅವ್ವ ಇದ್ದಾಳೆ, ಅಣ್ಣ ಇದ್ದಾನೆ, ಅಣ್ಣನ ಹೆಂಡತಿ ಇದ್ದಾಳೆ. ಈ ಅತ್ತಿಗೆ ಸಂಬಂಧದಲ್ಲಿ ನನಗೆ ದೊಡ್ಡವಳು, ವಯಸ್ಸಿನಲ್ಲಿ ಮೂರು ವರ್ಷ ಚಿಕ್ಕವಳು. ಹಾಗಾಗಿ ನಾನು ಅವಳನ್ನು ಅತ್ತಿಗೆ ಎಂದು ಗೌರವಿಸುತ್ತೇನೆ, ಅವಳು ನನ್ನನ್ನು ಮೇಡಂ ಎಂದು ಗೌರವಿಸುತ್ತಾಳೆ, ಮಧ್ಯೆ ಕೂತ ಅವ್ವ ಇಬ್ಬರನ್ನೂ ‘ಲೇ’ ಎಂದು ಕರೆದು ಲೆಕ್ಕ ಸರಿ ಮಾಡುತ್ತಾಳೆ. ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅತ್ತಿಗೆ ನನ್ನೆದುರು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಹೋದಾಗ ಬಿಸಿನೀರು ಕಾಯಿಸಿಡುವಳು, ಹೊಸ ಚಾಪೆ ಹಾಸುವಳು, ಕುಡಿಯಲು ಫಳಫಳ ಹೊಳೆಯುವ ಲೋಟ ತೆಗೆಯುವಳು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಅದು ಪ್ರೀತಿಯೇ. ಆದರೆ ಅಣ್ಣನಿಗೆ ಅವಳು ನಗ್ಗಿದ ಲೋಟದಲ್ಲಿ ಕೊಡುತ್ತಿದ್ದಳು ಎಂಬುದನ್ನು ನಾನು ಗಮನಿಸಿರಲಿಲ್ಲ.

ಒಂದು ಭಾನುವಾರ ಹೋದಾಗ ಪಡಸಾಲೆಯಲ್ಲಿ ಅತ್ತಿಗೆಯೂ ಅವಳ ಮಹಿಳಾ ಸಂಘದ ಏಳು ಹೆಂಗಸರೂ ಕೂತು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದರು. ಬಿತ್ತನೆಗೆ ಕೈಯಲ್ಲೇ ಸುಲಿಯಬೇಕು. ಮಿಲ್ಲಿನ ಮಿಷನ್ನಿಗೆ ಹಾಕಿದರೆ ಬೀಜ ಎರಡು ಹೋಳಾಗುತ್ತದೆ, ಇಲ್ಲವೇ ಮೇಲಿನ ಕೆಂಪು ಪದರ ತರಚುತ್ತದೆ. ಅಂಥ ಬೀಜ ಮಣ್ಣಿನಲ್ಲಿ ಕೊಳೆಯುತ್ತದೆಯೇ ಹೊರತು ಮೊಳೆಯುವುದಿಲ್ಲ. ಅದಕ್ಕೇ ಯುಗಾದಿ ಕಳೆದದ್ದೇ ಮಧ್ಯಾಹ್ನಗಳೆಲ್ಲ ಹೀಗೆ ಕೂತು ಪಟಪಟ ಒಡೆಯುವುದು. ಎಲ್ಲರ ಹೆಬ್ಬೆರಳಿಗೂ ಬಟ್ಟೆಯ ಚೂರು ಸುತ್ತಿತ್ತು, ಬಟ್ಟೆ ಸರಿದಲ್ಲಿ ಉಗುರು ಸವೆದು ಒಳಗಿನ ಎಳೆ ಚರ್ಮ ಕಾಣುತ್ತಿತ್ತು. ನೋಡಿ ನನಗೆ ಪಾಪ ಅನಿಸಿತು. ಪಾಪ ಅನಿಸಿದಾಗ ನಾನು ಸುಮ್ಮನಿರುವುದಿಲ್ಲ, ಜಂಬ ಕೊಚ್ಚುತ್ತೇನೆ.

“ಇದೇನು ಮಹಾ ಕೆಲಸ ಅತ್ಗೆ? ಕಂಪ್ಯೂಟರಾಗೆ ಲೆಕ್ಕ ಹಾಕಿ, ಒಂದು ಬೀಜನೂ ಒಡೀದಂಥ ಮಿಷನ್ ಮಾಡಿಸ್ಕೊಡ್ತೀನಿ. ಬಿತ್ತನೆಗೆ ಮುಂಚೆನೇ.”

ಹೇಳಿ, ಊಟ ಮಾಡಿ, ದುರ್ಗಕ್ಕೆ ಬಂದು, ಮರೆತೆ. ವಾರದ ಮೇಲೆ ಅವ್ವನ ಫೋನು ಬಂತು.

“ಲೇ, ನಿಮ್ಮತ್ಗೆ ಸಂಘದಾಗೆ ಎದ್ದು ನಿಂತು ಮಾತಾಡವಳೆ. ಜೀವಮಾನದಾಗೆ ಮೊದಲನೇ ಸಲ. ನಮ್ಮ ಮೇಡಂ ಮಿಷನ್ ಮಾಡಿಸ್ಕೊಡ್ತಾರೆ, ಇನ್ನು ಯಾರೂ ಕೈಯಾಗೆ ಸುಲೀಬ್ಯಾಡ್ರಿ ಅಂತ. ಎಂಟು ಮನೆ ಶೇಂಗಾನೂ ಹಂಗೇ ಮೂಟೇಲಿ ಕುಂತೈತೆ. ನೀನೇನಾರ ಕೈ ಎತ್ತಿದ್ಯೋ, ಆಮೇಲೆ ಅವಳು ಇನ್ನು ಊರಾಗೆ ಬಾಯಿ ಬಿಡಂಗಿಲ್ಲ.”

ನನ್ನ ಜಂಬವನ್ನು ಇದುವರೆಗೆ ಯಾರೂ ನಂಬಿರಲಿಲ್ಲ. ನನ್ನ ಗಂಡನಂತೂ ನಂಬುವ ಮಾತೇ ಇಲ್ಲ. ನಂಬಿದ ಒಬ್ಬಳೇ ಒಬ್ಬಳು ಅದನ್ನು ತನ್ನ ಮಾತು ಎಂದು ಊರಿನ ಮುಂದೆ ಇಟ್ಟುಬಿಟ್ಟಿದ್ದಳು.

ಅಂದೇ ಅತ್ತಿಗೆಗೆ ಫೋನು ಮಾಡಿ, ಅಳತೆ ತೆಗೆಯಲು ಒಂದೆರಡು ಸೇರು ಕಾಯಿ ಕಳಿಸು ಎಂದೆ. “ಒಂದ್ನಾಕು ದಿನ ತಡೀರಿ ಮೇಡಂ” ಎಂದಳು. ಮನೆ ತುಂಬ ಮೂಟೆ ಇಟ್ಟುಕೊಂಡು ಎರಡು ಸೇರಿಗೆ ನಾಲ್ಕು ದಿನ ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಐದನೇ ದಿನ ಅಣ್ಣ ಬಂದು ಹೊಸ ಬಿಳಿ ಬಟ್ಟೆಯ ಗಂಟೊಂದನ್ನು ಕೊಟ್ಟು ಹೋದ.

ನಾನು ವೆರ್ನಿಯರ್ ಹಿಡಿದು ಒಂದೊಂದೇ ಕಾಯಿ ಅಳೆದೆ. ಎಲ್ಲವೂ ಎರಡು ಬೀಜದವು, ಎಲ್ಲವೂ ದುಂಡಗೆ, ಎಲ್ಲದರ ದಪ್ಪವೂ ಹೆಚ್ಚು ಕಡಿಮೆ ಒಂದೇ. ಒಂದು ಮಣ್ಣಿನ ಕಣ ಇಲ್ಲ, ಒಂದು ಜೊಳ್ಳಿಲ್ಲ. ನಮ್ಮೂರ ಮಣ್ಣೇ ಮಣ್ಣು ಎಂದು ನನಗೆ ಹೆಮ್ಮೆಯಾಯಿತು. ಸಹೋದ್ಯೋಗಿಗಳಿಗೂ ತೋರಿಸಿ ಹೇಳಿಕೊಂಡೆ.

ಶೇಂಗಾ ರಬ್ಬರಿನ ಮೇಲೆ ಎಷ್ಟು ಜಾರುತ್ತದೆ ಎಂಬುದು ಬೇಕಿತ್ತು. ಅದಕ್ಕೆ ಚಪಾತಿ ಮಣೆಗೆ ಹಳೇ ಟೈರಿನ ರಬ್ಬರ್ ಅಂಟಿಸಿ, ಉರುಳದಂತೆ ಎರಡೆರಡು ಕಾಯಿ ಜೋಡಿಸಿ ಇಟ್ಟು, ಮಣೆಯನ್ನು ನಿಧಾನವಾಗಿ ಓರೆ ಮಾಡುತ್ತ ಹೋದೆ. ಯಾವ ಓರೆಗೆ ಕಾಯಿ ಜಾರುತ್ತದೋ ಅದರಿಂದ ಲೆಕ್ಕ. ಅಂಟು ಆಮೇಲೆ ಪೂರ್ತಿ ಹೋಗಲಿಲ್ಲ. ಮೂರು ದಿನ ನನ್ನ ಗಂಡ ಚಪಾತಿಯನ್ನು ಮೂಸಿ ಮೂಸಿ ನೋಡಿ, ತಟ್ಟೆಯಂಚಿಗೆ ಸರಿಸಿ ಅನ್ನ ಬಡಿಸಿಕೊಂಡರು.

ಮಿಷನ್ ಮಾಡುವುದಕ್ಕೆ ನನಗೆ ಗೊತ್ತಿದ್ದವರು ಪೇಟೆಯ ಲೇತ್ ಅಂಗಡಿಯ ಚಾಚಾ. ಅವರ ಮನೆತನ ಏಳೆಂಟು ತಲೆಮಾರಿನಿಂದ ದುರ್ಗದಲ್ಲೇ ಕಬ್ಬಿಣದ ಕೆಲಸ ಮಾಡಿಕೊಂಡು ಬಂದಿದೆ. ಕಾಲೇಜಿನ ವರ್ಕ್‌ಶಾಪಿಗೆ ಬೇಕಾದ ಬಿಡಿಭಾಗಗಳನ್ನು ಅವರೇ ಕಡೆದುಕೊಡುವುದು. ನನ್ನ ಯೋಜನೆ ಹೀಗಿತ್ತು: ಕೆಳಗೆ ತೊಟ್ಟಿಲಿನಂತೆ ಬಾಗಿದ ಕಬ್ಬಿಣದ ಜಾಲರಿ, ಅದರ ಮೇಲೆ ರಬ್ಬರ್ ಮೆತ್ತಿದ ಒಂದು ತೋಳು, ಹಿಡಿ ಹಿಡಿದು ತೋಳನ್ನು ಹಿಂದೆ ಮುಂದೆ ಆಡಿಸಿದರೆ ನಡುವೆ ಸಿಕ್ಕ ಕಾಯಿಯ ಸಿಪ್ಪೆ ಒಡೆದು, ಬೀಜ ಜಾಲರಿಯ ಕಂಡಿಯಿಂದ ಕೆಳಗೆ ಬೀಳಬೇಕು. ಇದರ ಜೀವ ಇರುವುದೆಲ್ಲ ತೋಳಿಗೂ ಜಾಲರಿಗೂ ನಡುವಿನ ಸಂದಿನಲ್ಲಿ. ಅದು ಕಾಯಿಗಿಂತ ಕಿರಿದಿರಬೇಕು, ಬೀಜಕ್ಕಿಂತ ಅಗಲವಿರಬೇಕು.

ಲ್ಯಾಪ್‌ಟಾಪ್ ತೆಗೆದು ಚಾಚಾಗೆ ತೋರಿಸಿದೆ. ಒಂದು ಕಾಯಿ, ಒಳಗೆ ಎರಡು ಬೀಜ, ಮೇಲೆ ರಬ್ಬರ್ ತೋಳು. ಜಂಬದಿಂದ ಗುಂಡಿ ಒತ್ತಿದೆ. ತೋಳು ಬಂತು, ಕಾಯಿಯ ಹೊಟ್ಟೆಯೊಳಗೆ ಹೊಕ್ಕಿತು, ಆ ಕಡೆಯಿಂದ ಹೊರಬಂದು ಹೋಯಿತು. ಕಾಯಿ ಅಲ್ಲಾಡಲೇ ಇಲ್ಲ. ಪಾಠ ಮಾಡುವ ನಾನೇ ಕಾಂಟ್ಯಾಕ್ಟ್ ಕೊಡುವುದನ್ನು ಮರೆತಿದ್ದೆ.

ಚಾಚಾ ಕನ್ನಡಕ ಸರಿಮಾಡಿಕೊಂಡರು. “ಇದು ಯಾವ ಕಾಯಿ ಮೇಡಂ? ದೆವ್ವದ್ದಾ?”

ಮುಂದಿನ ಎರಡು ವಾರ ಆ ಕಂಪ್ಯೂಟರು ನನಗೆ ಕೊಟ್ಟ ಕಾಟ ನನ್ನ ಅತ್ತೆಯೂ ಕೊಟ್ಟಿಲ್ಲ. ಕಾಂಟ್ಯಾಕ್ಟಿನಲ್ಲಿ ‘ಅಂಟಿಸಿಬಿಡು’ ಎಂಬ ಒಂದು ಸುಲಭದ ಆಯ್ಕೆ ಇದೆ. ಅದನ್ನು ಕೊಟ್ಟೆ. ಕಾಯಿ ರಬ್ಬರಿಗೆ ಅಂಟಿಕೊಂಡು ಸೊಂಟದ ಮೇಲಿನ ಕೂಸಿನಂತೆ ಹಿಂದೆ ಮುಂದೆ ಸವಾರಿ ಮಾಡಿತು, ಒಡೆಯಲಿಲ್ಲ. ಅಂಟನ್ನು ತೆಗೆದು ಜಾರಲು ಬಿಟ್ಟೆ. ತಾಗಿದ ಎರಡು ಮೈಗಳು ಒಂದರೊಳಗೊಂದು ಹೋಗದಂತೆ ತಡೆಯಲು ಕಂಪ್ಯೂಟರು ನಡುವೆ ಕಣ್ಣಿಗೆ ಕಾಣದ ಸ್ಪ್ರಿಂಗುಗಳನ್ನು ಇಡುತ್ತದೆ. ಸ್ಪ್ರಿಂಗು ಮೆತ್ತಗಾದರೆ ತೋಳು ಕಾಯಿಯೊಳಗೆ ಹುದುಗುತ್ತದೆ, ಬಿರುಸಾದರೆ ಇಡೀ ಲೆಕ್ಕ ಚಳಿಜ್ವರ ಬಂದವರಂತೆ ನಡುಗಿ ನಿಂತುಹೋಗುತ್ತದೆ. ಇಷ್ಟು ಸಾಲದೆಂಬಂತೆ, ತಾಗುವ ಎರಡರಲ್ಲಿ ಯಾವುದು ಯಜಮಾನ, ಯಾವುದು ಅದರ ಮಾತು ಕೇಳುವುದು ಎಂದೂ ಅದಕ್ಕೆ ಹೇಳಬೇಕು. ಹೆಚ್ಚು ಬಿಗಿಯಾದದ್ದನ್ನು ಯಜಮಾನ ಮಾಡಬೇಕೆಂಬುದು ನಿಯಮ. ನಮ್ಮ ತವರುಮನೆಯಲ್ಲಿ ಅವ್ವ.

ಒಂದು ಶನಿವಾರ ಮಧ್ಯಾಹ್ನ ಲೆಕ್ಕ ಕೂಡಿಬಂತು. ಪರದೆಯ ಮೇಲೆ ರಬ್ಬರ್ ಬಂತು, ಕಾಯಿ ಒತ್ತಿಸಿಕೊಂಡಿತು, ಸಿಪ್ಪೆ ಬಿರಿಯಿತು, ಎರಡೂ ಬೀಜ ಗೀರಿಲ್ಲದೆ ಹೊರಬಂದವು. ಸಂದು ಹತ್ತೂವರೆ ಮಿಲಿಮೀಟರ್. ಖಾಲಿ ಲ್ಯಾಬಿನಲ್ಲಿ ನಾನೊಬ್ಬಳೇ ಚಪ್ಪಾಳೆ ತಟ್ಟಿದೆ.

ಚಾಚಾ ಅದೇ ಅಳತೆಗೆ ಮಿಷನ್ ಕಟ್ಟಿದರು. ನನ್ನ ಗಂಟಿನಿಂದ ಇಪ್ಪತ್ತು ಕಾಯಿ ಹಾಕಿ ಹಿಡಿ ಆಡಿಸಿದೆವು. ಇಪ್ಪತ್ತಕ್ಕೆ ಇಪ್ಪತ್ತೂ ಸುಲಿದವು, ಒಂದೂ ಬೀಜ ಒಡೆಯಲಿಲ್ಲ. ಚಾಚಾ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡು ಅಗಿಯುತ್ತ ಹೇಳಿದರು: “ಏನು ಕಾಯಿ ಮೇಡಂ ಇದು! ನಮ್ಮ ಜೀವಮಾನದಾಗೆ ಸಂತೇಲಿ ಇಂಥದ್ದು ನೋಡಿಲ್ಲ.”

“ನಮ್ಮೂರ ಮಣ್ಣು ಚಾಚಾ” ಎಂದೆ.

ಮೊದಲ ಹದ ಮಳೆ ಬಿದ್ದು, ಹೊಲ ಹರಗುವ ಹೊತ್ತಿಗೆ ಮಿಷನ್ ಟೆಂಪೋದಲ್ಲಿ ನನ್ನ, ಚಾಚಾನ ಜೊತೆ ಹಿರೇಗುಂಟನೂರು ಮುಟ್ಟಿತು. ಬಿತ್ತನೆಗೆ ಹತ್ತು ದಿನವೂ ಇರಲಿಲ್ಲ. ಅತ್ತಿಗೆ ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿದ್ದಳು. ತಾನೂ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಏಳು ಹೆಂಗಸರು ಅಂಗಳದಲ್ಲಿ ಸಾಲಾಗಿ ಕೂತಿದ್ದರು. ಅವ್ವ ಕಟ್ಟೆಯ ಮೇಲೆ, ನ್ಯಾಯಾಧೀಶರ ಜಾಗದಲ್ಲಿ.

“ಹಾಕ್ಲಾ ಮೇಡಂ?” ಎಂದು ಅತ್ತಿಗೆ ಮೂಟೆಯ ಬಾಯಿ ಬಿಚ್ಚಿ ಸುರಿದಳು. ಚಾಚಾ ಹಿಡಿ ಆಡಿಸಿದರು.

ಕೆಳಗೆ ಸುರಿದದ್ದು ಅರ್ಧಕ್ಕರ್ಧ ಇಡೀ ಕಾಯಿ. ಒಳಗೆ ಹೇಗೆ ಹೋದವೋ ಹಾಗೇ, ಮೈಗೆ ಒಂದು ಗೀರೂ ಇಲ್ಲದೆ ಹೊರಬಂದಿದ್ದವು.

“ಸಂದು ಜಾಸ್ತಿ ಆಗೈತೆ” ಎಂದು ಚಾಚಾ ಸ್ಪ್ಯಾನರ್ ಹಿಡಿದು ತೋಳನ್ನು ಒಂದಿಷ್ಟು ಇಳಿಸಿದರು. ಮತ್ತೆ ಆಡಿಸಿದರು. ಈ ಸಲ ಕಟಕಟ ಎಂದು ಕಲ್ಲು ಕಡಿದ ಸದ್ದು ಬಂತು. ಸಣ್ಣ ಕಾಯಿಗಳೇನೋ ಸುಲಿದವು. ದಪ್ಪನೆಯವು ಬೀಜದ ಸಮೇತ ಅರೆದುಹೋಗಿ, ಮಣ್ಣುಂಡೆಯ ಜೊತೆ ಸೇರಿ, ಜಾಲರಿಯ ಕಂಡಿಗಳಲ್ಲಿ ಮೆತ್ತಿಕೊಂಡವು.

ಅವ್ವ ಕಟ್ಟೆಯಿಂದ ತೀರ್ಪು ಕೊಟ್ಟಳು. “ಚಟ್ನಿಗೆ ಚೆನ್ನಾಗೈತೆ. ಒಣಮೆಣಸಿನಕಾಯಿನೂ ಅದ್ರಾಗೇ ಹಾಕ್ಬಿಡ್ರಿ.”

ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವರಲ್ಲೊಬ್ಬಳು ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸುತ್ತ, “ಇವತ್ತಿಂದ ಹಗಲೆಲ್ಲ ಕುಂತ್ರೂ ಮುಗಿಯಲ್ಲ ಕಣವ್ವ. ಯಾರ ಮಾತು ಕೇಳಿ ನಾವು ಸುಮ್ನೆ ಕುಂತ್ವೋ” ಎಂದಳು. ಅವಳು ಅತ್ತಿಗೆಯ ಕಡೆ ನೋಡಿಯೇ ಹೇಳಿದ್ದು. ಅತ್ತಿಗೆ ನೆಲದ ಮೇಲೆ ಕೂತು, ಅರೆದುಹೋದ ಬೀಜಗಳನ್ನು ಸೆರಗಿಗೆ ತುಂಬಿಕೊಳ್ಳತೊಡಗಿದಳು. ಮುಖ ಮಾತ್ರ ಎತ್ತಲಿಲ್ಲ.

ನನಗೆ ನಾಚಿಕೆಯಾದಾಗ ಸಿಟ್ಟು ಬರುತ್ತದೆ. ಇದು ನನ್ನ ಹುಟ್ಟುಗುಣ. “ಈ ಕಾಯಿ ನಮ್ಮವಲ್ಲ!” ಎಂದು ಕೂಗಿದೆ. “ನಾನು ಅಳತೆ ತಗಂಡ ಕಾಯಿನೇ ಬೇರೆ. ಇದ್ರಾಗೆ ಒಂದು ಕಡ್ಡಿ ಗಾತ್ರ ಐತೆ, ಒಂದು ಹೆಬ್ಬೆಟ್ಟು ಗಾತ್ರ ಐತೆ, ಕಲ್ಲು ಐತೆ, ಮಣ್ಣು ಐತೆ. ಮೂಟೆ ಯಾರು ಬದಲಾಯ್ಸಿದ್ದು ಅತ್ಗೆ?”

“ಮೂಟೆ ಬದಲಾಗಿಲ್ಲ ಮೇಡಂ” ಎಂದಳು ಅತ್ತಿಗೆ, ನೆಲ ನೋಡುತ್ತಲೇ. “ನಿಮಗೆ ಕಳ್ಸಿದ್ದೂ ಇದೇ ಮೂಟೇದೇ. ಆರ್ಸಿ ಕಳ್ಸಿದ್ದೆ.”

“ಆರ್ಸಿ ಅಂದ್ರೆ?”

“ನಾಕು ಮಧ್ಯಾಹ್ನ ಕುಂತು ಒಂದೊಂದೇ ನೋಡಿ ಆರ್ಸಿದ್ದೆ. ಎರಡು ಬೀಜದವು, ದುಂಡನೆಯವು. ಒರೆಸಿದ್ದೂ ಒರೆಸಿದ್ದೆ. ಮನೆ ಮಗಳಿಗೆ ಮಣ್ಣುಕಾಯಿ ಕಳ್ಸಾಕಾಗ್ತೈತಾ? ಮಗಳು ಮನೆಗೆ ಬಂದ್ರೆ ಮಡಿಲಿಗೆ ಒಳ್ಳೇದೇ ಹಾಕಬೇಕಲ್ಲ.”

ಏಳು ಹೆಂಗಸರೂ ತಲೆಯಾಡಿಸಿದರು. ಅವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ತಮ್ಮ ಮನೆಯಲ್ಲಾಗಿದ್ದರೂ ಅವರು ಹೀಗೇ ಮಾಡುತ್ತಿದ್ದರು. ವಿಜ್ಞಾನಕ್ಕೆಂದು ನಾನು ಕೇಳಿದ್ದನ್ನು ಅತ್ತಿಗೆ ತವರಿನ ಉಡುಗೊರೆ ಎಂದು ಕಟ್ಟಿ ಕಳಿಸಿದ್ದಳು.

ಚಾಚಾ ಮಿಷನ್ನಿಗೆ ಒರಗಿ ಬಿದ್ದು ಬಿದ್ದು ನಕ್ಕರು. “ಮೇಡಂ, ನೀವು ಅಳತೆ ತಗಂಡಿದ್ದು ಬರೀ ಮದುಮಗಂದು. ಇವತ್ತು ಬಂದಿದ್ದು ಇಡೀ ದಿಬ್ಬಣ!”

ನನಗೂ ನಗು ಬಂತು, ಅಳುವೂ ಬಂತು. ಎರಡು ವಾರ ಕೂತು ಕಾಣದ ಸ್ಪ್ರಿಂಗುಗಳ ಬಿರುಸು ತಿದ್ದಿದವಳು ನಾನು. ಈ ಕಾಯಿ ಯಾರು ಆರಿಸಿದ್ದು ಎಂದು ಒಂದೇ ಒಂದು ಮಾತು ಕೇಳಿರಲಿಲ್ಲ. ಅತ್ತಿಗೆಯ ಬಾಗಿದ ತಲೆ ನೋಡಲಾಗಲಿಲ್ಲ. ತಪ್ಪು ನಂದು ಕಣ್ರವ್ವ, ಅತ್ಗೇದಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ನಾಲ್ಕು ದಿನ ಕೊಡಿ ಎಂದು ಕೇಳಿದೆ. ಅವರು ಒಪ್ಪಿದರೋ, ಪಾಪ ಎಂದುಕೊಂಡರೋ ಗೊತ್ತಿಲ್ಲ, ಸೀರೆ ಕೊಡವಿಕೊಂಡು ಎದ್ದು ಹೋದರು.

ಮರುದಿನ ಕಾಲೇಜಿಗೆ ರಜೆ ಹಾಕಿ ಚಾಚಾನ ಅಂಗಡಿಯಲ್ಲಿ ಕೂತೆ. ಈ ಸಲ ಆರಿಸದ ಒಂದು ಇಡೀ ಮೂಟೆ, ಕಲ್ಲು ಮಣ್ಣಿನ ಸಮೇತ ತರಿಸಿದ್ದೆ. ಮೂಟೆಯ ಜೊತೆಗೇ ಅತ್ತಿಗೆಯೂ ಬಸ್ಸಿಳಿದಳು. ನಾನು ಲ್ಯಾಪ್‌ಟಾಪಿನಲ್ಲಿ ಸಣ್ಣ ಕಾಯಿ, ನಡುವಿನ ಕಾಯಿ, ದಪ್ಪ ಕಾಯಿ ಎಂದು ಬೇರೆ ಬೇರೆ ಬರೆದು, ಒಂದೊಂದಕ್ಕೂ ಸಂದು ಬದಲಿಸಿ ನೋಡಿದೆ. ಸಂಜೆಯ ಹೊತ್ತಿಗೆ ಕಂಪ್ಯೂಟರು ಖಡಾಖಂಡಿತವಾಗಿ ಹೇಳಿತು: ಎಲ್ಲಕ್ಕೂ ಹೊಂದುವ ಒಂದೇ ಸಂದು ಇಲ್ಲವೇ ಇಲ್ಲ. ಮೂರು ಬೇಕು.

“ಮೂರು ಸಂದಾದ್ರೆ ಏನು, ಅಡಿಗೆ ತಗಡು ಕೊಟ್ರೆ ಆಯ್ತು” ಎಂದರು ಚಾಚಾ. ತೋಳಿನ ಬುಡಕ್ಕೆ ತೆಳ್ಳನೆ ತಗಡಿನ ಚೂರು ಇಡುವುದು. ಒಂದಿಟ್ಟರೆ ಸಣ್ಣ ಕಾಯಿಗೆ, ಎರಡಿಟ್ಟರೆ ನಡುವಿನದಕ್ಕೆ, ಮೂರಿಟ್ಟರೆ ದಪ್ಪದ್ದಕ್ಕೆ. “ಆದ್ರೆ ಮೇಡಂ, ಮೂಟೆಗಟ್ಟಲೆ ಕಾಯಿನ ಮೂರು ಜಾತಿ ಮಾಡೋರು ಯಾರು? ಜರಡಿ ಮಾಡ್ತೀನಿ, ತೂತು ಎಷ್ಟು ಇಡ್ಲಿ ಹೇಳ್ರಿ.”

ನಾನು ವೆರ್ನಿಯರ್ ಹುಡುಕುತ್ತಿದ್ದೆ. ಅತ್ತಿಗೆ ಆಗಲೇ ಸೆರಗು ಸಿಕ್ಕಿಸಿಕೊಂಡು ಕಬ್ಬಿಣದ ಪುಡಿಯ ನೆಲದ ಮೇಲೆ ಗೋಣಿತಾಟು ಹಾಸಿ ಕೂತಿದ್ದಳು. ಮೂಟೆಯಿಂದ ಒಂದು ಮೊರ ತುಂಬ ತೆಗೆದಳು, ಎರಡು ಸಲ ಕೇರಿದಳು, ಕಲ್ಲು ಮಣ್ಣು ಒಂದು ಮೂಲೆಗೆ ಹೋದವು. ಆಮೇಲೆ ಎರಡೂ ಕೈ ಆಡತೊಡಗಿದವು. ಕಣ್ಣು ಬೇಕಾಗಿರಲಿಲ್ಲ. ನಮ್ಮನ್ನು ನೋಡುತ್ತ, ಮಾತಾಡುತ್ತ, ಬೆರಳು ಮುಟ್ಟಿದ ಕಾಯಿಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಸೆಯುತ್ತ ಹೋದಳು. ಅರ್ಧ ಗಂಟೆಯಲ್ಲಿ ಮೂರು ಗುಡ್ಡೆ.

ನಾನು ಗುಡ್ಡೆಯಿಂದ ಕಾಯಿ ಎತ್ತಿ ಎತ್ತಿ ಅಳೆದೆ. ಒಂದೊಂದು ಗುಡ್ಡೆಯೊಳಗೆ ವ್ಯತ್ಯಾಸ ಎರಡು ಮಿಲಿಮೀಟರ್ ಕೂಡ ಇರಲಿಲ್ಲ. ಚಾಚಾ ಎರಡು ಸಲ ತಾವೇ ಅಳೆದು ನೋಡಿದರು. “ಬೇಟಿ, ಮೂವತ್ತು ವರ್ಷ ಲೇತ್ ನಡೆಸಿದೀನಿ. ನಂಗೂ ಈ ಬೆರಳು ಬಂದಿಲ್ಲ” ಎಂದರು. ಅತ್ತಿಗೆ ಕೆಂಪಾದಳು. ನನ್ನ ಇಡೀ ಪ್ರಯೋಗವನ್ನು ಕೆಡಿಸಿದ್ದು ಈ ಬೆರಳುಗಳೇ. ನಾನು ಅವನ್ನು ಹೆಬ್ಬೆರಳಿನ ಗಾಯ ಎಂದು ಮಾತ್ರ ನೋಡಿದ್ದೆ.

ಅವಳ ಗುಡ್ಡೆಗಳ ಅಳತೆಗೇ ಚಾಚಾ ಎರಡು ಜರಡಿಗೆ ತೂತು ಕೊರೆದರು. ಸಣ್ಣವು ಎರಡೂ ಜರಡಿ ದಾಟಿ ಕೆಳಗೆ ಬೀಳುತ್ತವೆ, ನಡುವಿನವು ನಡುವೆ ನಿಲ್ಲುತ್ತವೆ, ದಪ್ಪನೆಯವು ಮೇಲೇ ಉಳಿಯುತ್ತವೆ.

ನಾಲ್ಕನೇ ದಿನ ಮತ್ತೆ ಅದೇ ಅಂಗಳ. ಈ ಸಲ ಮಿಷನ್ನಿಗೆ ಹೂವಿಲ್ಲ, ಅತ್ತಿಗೆಗೆ ಇಸ್ತ್ರಿ ಸೀರೆಯೂ ಇಲ್ಲ. ಹೆಂಗಸರು ಕೂರಲೂ ಇಲ್ಲ, ಗೋಡೆಗೆ ಒರಗಿ ನಿಂತರು. ಅತ್ತಿಗೆ ತಾನೇ ಕಾಯಿ ಕೇರಿ, ತಾನೇ ಜರಡಿ ಹಿಡಿದು, ತಾನೇ ತಗಡು ಇಟ್ಟು, ಚಾಚಾನ ಕೈಯಿಂದ ಹಿಡಿ ಕಸಿದುಕೊಂಡಳು. “ಸರೀರಿ ಚಾಚಾ, ನಾನು ಆಡಿಸ್ತೀನಿ.”

ಪಟಪಟ ಸದ್ದು ಬಂತು, ಮಳೆ ಹನಿ ತಗಡಿಗೆ ಬಿದ್ದಂತೆ. ಜಾಲರಿಯ ಕೆಳಗಿನ ಚಾಪೆಯ ಮೇಲೆ ಬೀಜ ಬಿದ್ದವು. ಕೆಂಪಗೆ, ದುಂಡಗೆ, ಇಡಿಯಾಗಿ. ಅಲ್ಲೊಂದು ಇಲ್ಲೊಂದು ಒಡೆದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕೈಯಲ್ಲಿ ಸುಲಿದರೂ ಅಷ್ಟು ಒಡೆಯುತ್ತದೆ. ಮೊನ್ನೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಮಾತಾಡಿದವಳೇ ಮೊದಲು ಬಂದು ಒಂದು ಬೊಗಸೆ ಎತ್ತಿ, ಬಿಸಿಲಿಗೆ ಹಿಡಿದು, ಒಂದೊಂದನ್ನೂ ತಿರುಗಿಸಿ ನೋಡಿದಳು. “ಮೊಳೀತಾವೆ” ಎಂದಳು. ಆಮೇಲೆ ಅತ್ತಿಗೆಯ ಹೆಗಲು ತಟ್ಟಿ, “ನಮ್ಮ ಮೂಟೆ ಯಾವಾಗ ತರಾಣ, ಹೇಳವ್ವ” ಎಂದು ಕೇಳಿದಳು. ಕೇಳಿದ್ದು ಮೇಡಮನ್ನಲ್ಲ, ಅತ್ತಿಗೆಯನ್ನು. ಅತ್ತಿಗೆ ಹಿಡಿ ಬಿಡದೆ, ಯಾರ ಮನೆ ಯಾವ ದಿನ ಎಂದು ಗಟ್ಟಿ ದನಿಯಲ್ಲಿ ಸರದಿ ಹೇಳಿದಳು. ಆ ದನಿ ನಾನು ಮೊದಲ ಸಲ ಕೇಳಿದ್ದು. ನನಗೆ ತುಂಬ ಸಂತೋಷವಾಯಿತು, ಒಂಚೂರು ಹೊಟ್ಟೆಕಿಚ್ಚೂ ಆಯಿತು.

“ಚಟ್ನಿಗೆ ಏನೂ ಉಳೀಲಿಲ್ವಲ್ಲೇ” ಎಂದಳು ಅವ್ವ ಕಟ್ಟೆಯಿಂದ, ಬೇಸರ ಮಾಡಿಕೊಂಡವಳಂತೆ.

ಸಂಜೆ ಹೊರಡುವಾಗ ಅತ್ತಿಗೆ ಹಣೆಗೆ ಕುಂಕುಮವಿಟ್ಟು, ಒಂದು ಹಳೇ ಕೈಚೀಲ ಕೊಟ್ಟು, ಮಿಷನ್ನಿನ ಹತ್ತಿರ ಓಡಿದಳು. ಬಸ್ಸು ಎಂದಿನಂತೆ ಕಾಂಟ್ಯಾಕ್ಟಿನ ನಿಯಮಗಳನ್ನು ಮೀರಿ ತುಂಬಿತ್ತು. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಗೆ ಕೂತು ಚೀಲ ಬಿಚ್ಚಿದೆ. ಶೇಂಗಾ. ಮೇಲೇ ಒಂದು ಮಣ್ಣುಂಡೆ. ಬುಡದ ಬೇರು ಅಂಟಿಕೊಂಡ ಕಾಯಿ, ಜೊಳ್ಳು, ಒಂಟಿ ಬೀಜದ್ದು, ಹೆಬ್ಬೆಟ್ಟು ಗಾತ್ರದ್ದು, ನಡುವೆ ಎರಡು ಕಲ್ಲು. ನನಗೆ ಚುರುಕ್ಕೆಂದಿತು. ಮಿಷನ್ ಸಿಕ್ಕಿದ ಮೇಲೆ ಮಗಳು ಹಳಬಳಾದಳೇನೋ ಎಂದುಕೊಂಡು ಅಲ್ಲೇ ಫೋನು ತೆಗೆದೆ.

“ಏನತ್ಗೆ, ಈ ಸಲ ಆರಿಸೇ ಇಲ್ಲ?”

ಆ ಕಡೆ ಮಿಷನ್ನಿನ ಪಟಪಟ ಕೇಳುತ್ತಿತ್ತು. “ಮನೆಯೋರಿಗೆ ಯಾರು ಆರಿಸ್ಕೋತ ಕುಂದ್ರುತಾರೆ?” ಎಂದಳು ಅತ್ತಿಗೆ. “ನಂಗೆ ಕೆಲಸ ಐತೆ. ನೀನೇ ಆರಿಸ್ಕ.”

ಫೋನು ಇಟ್ಟುಬಿಟ್ಟಳು. ಮೇಡಂ ಎನ್ನಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳೋಣವೆಂದರೆ ಕಿಟಕಿಗೂ ನನಗೂ ನಡುವೆ ಮೂವರಿದ್ದರು. ನನ್ನ ಪಕ್ಕೆಗೆ ಮೊಣಕೈ ಊರಿಕೊಂಡಿದ್ದ ಅಜ್ಜಿ ಬಗ್ಗಿ ಚೀಲ ನೋಡಿತು. “ಶೇಂಗಾನಾ? ನಂಗೊಂದೀಟು ಕೊಡವ್ವ.”

ಒಳ್ಳೆಯದನ್ನು ಹುಡುಕಲು ಹೋಗದೆ, ಕೈಗೆ ಸಿಕ್ಕಿದ್ದನ್ನು ಒಂದು ಬೊಗಸೆ ತೆಗೆದು ಅಜ್ಜಿಯ ಮಡಿಲಿಗೆ ಹಾಕಿದೆ.